ಹಿಟಾಚಿಯಣ್ಣ

ಮಲೆನಾಡಿನ ಯಾವ ಊರಿಗೆ ಹೋದರೂ ಒಬ್ಬ ಹಿಟಾಚಿಯಣ್ಣ ಇದ್ದೇ ಇರುತ್ತಾನೆ. ಹಳೇ ಮಿನಿ ಹಿಟಾಚಿಗೆ ಮಾಲೀಕ, ಡ್ರೈವರ್, ಮೆಕ್ಯಾನಿಕ್ ಎಲ್ಲಾ ಅವನೇ. ಗಾಡಿ ಎಷ್ಟನೇ ಕೈ ಎಂದು ಮಾತ್ರ ಕೇಳಬಾರದು. ಬಣ್ಣದ ಜೊತೆಗೆ ಕಂಪನಿಯ ಹೆಸರೂ ಅಳಿಸಿಹೋಗಿದೆ. ಹಿಟಾಚಿ ಅನ್ನುವುದು ಊರವರು ಕರೆಯುವ ಹೆಸರು. 9 ಅಡಿಗೊಂದರಂತೆ ನೆಟ್ಟ ಅಡಿಕೆ ಮರಗಳ ನಡುವೆ ದೊಡ್ಡ ಗಾಡಿ ನುಗ್ಗುವುದಿಲ್ಲ. ಹಾಗಾಗಿ ತೋಟದಲ್ಲಿ ಬಸಿಗಾಲುವೆ ತೆಗೆಸಬೇಕೆಂದರೆ ಅವನ ಕಾಲು ಹಿಡಿಯಲೇಬೇಕು. ಇದು ಅವನಿಗೂ ಚೆನ್ನಾಗಿ ಗೊತ್ತಿದೆ.

ಅವನ ಗಾಡಿ ಯಾವತ್ತೂ ಹಾಳಾಗುವುದಿಲ್ಲ. ದೋಷವೆಲ್ಲ ನಿಮ್ಮ ತೋಟದ್ದು. ಕಾಲುವೆಯ ಅಂಚಿನಲ್ಲಿ ತಿರುಗಿಸುವಾಗ ರಬ್ಬರ್ ಚೈನ್ ಕಳಚಿ ಕೆಸರಲ್ಲಿ ಮಲಗಿತು ಎನ್ನಿ. ಇಳಿದು ಬಂದವನು ಚೈನಿನ ಕಡೆ ಕಣ್ಣೂ ಹಾಯಿಸದೆ ಒಂದು ಹಿಡಿ ಮಣ್ಣು ಎತ್ತಿ ಹಿಸುಕುತ್ತಾನೆ. "ನಿಮ್ಮ ಮಣ್ಣೇ ಸರಿ ಇಲ್ಲ ಮಾರಾಯ್ರೆ. ಮೇಲ್ಮನೆಯವರ ತೋಟದಲ್ಲಿ ಹೀಗೆ ಆಗ್ಲೇ ಇಲ್ಲ." ಮೇಲ್ಮನೆಯವರಿಗೆ ಹೇಳಿದ್ದು, ನಿಮ್ಮಲ್ಲಿ ಕಲ್ಲು ಜಾಸ್ತಿ ಅಂತ.

ನಿಜ ಸಂಗತಿ ಬೇರೆಯೇ. ಮುಂದಿನ ಐಡ್ಲರ್ ಚಕ್ರದ ಹಿಂದೆ ಒಂದು ಸಿಲಿಂಡರ್ ಇರುತ್ತದೆ. ಅದಕ್ಕೆ ಗ್ರೀಸ್ ಹೊಡೆದರೆ ಐಡ್ಲರ್ ಮುಂದೆ ಸರಿದು ಚೈನ್ ಬಿಗಿಯಾಗುತ್ತದೆ. ಗಾಡಿ ಎತ್ತಿ ನಿಲ್ಲಿಸಿ ನೋಡಿದರೆ ಕೆಳಗಿನ ರೋಲರಿಗೂ ಚೈನಿಗೂ ನಡುವೆ 10ರಿಂದ 15 ಮಿಲಿಮೀಟರ್ ಸಂದು ಇರಬೇಕು; ಎಷ್ಟೋ ಮಾಡೆಲ್‌ಗಳ ಲೆಕ್ಕ ಇದು. ನಮ್ಮ ಹಿಟಾಚಿಯಣ್ಣನ ಗಾಡಿಯಲ್ಲಿ ಮುಷ್ಟಿ ತೂರುತ್ತದೆ. ಸಿಲಿಂಡರಿನ ಸೀಲ್ ಹೋಗಿ, ಸಂಜೆ ಹೊಡೆದ ಗ್ರೀಸ್ ಬೆಳಿಗ್ಗೆ ಹೊರಗೆ ಬಂದಿರುತ್ತದೆ. ಸೀಲ್ ಹಾಕಿಸಬಾರದಾ ಅಂದರೆ, "ಹಾಕ್ಸುವ, ಈ ಮಳೆಗಾಲ ಒಂದು ಕಳೀಲಿ." ಮಳೆಗಾಲಗಳು ಕಳೆಯುತ್ತಲೇ ಇವೆ. ಸೀಲಿನ ಬೆಲೆಯನ್ನು ಎಂದೋ ಮೀರಿದ ಗ್ರೀಸು ಊರಿನ ತೋಟಗಳಲ್ಲಿ ಹೂತುಹೋಗಿದೆ.

ಆದರೆ ಚೈನ್ ಏರಿಸುವಾಗ ಅವನನ್ನು ನೋಡಬೇಕು. ಬಕೆಟ್ಟನ್ನು ನೆಲಕ್ಕೆ ಊರಿ, ಬ್ಲೇಡನ್ನೂ ಒತ್ತಿ, ಇಡೀ ಗಾಡಿಯನ್ನು ಒಂದು ಮಗ್ಗುಲಿಗೆ ಎತ್ತಿ ಅಡಿಗೆ ದಿಮ್ಮಿ ಕೊಡುತ್ತಾನೆ. ಪುಕ್ಕಟೆ ಸಲಹೆ ಕೊಡಲು ನೆರೆದವರನ್ನೆಲ್ಲ ದೂರ ಅಟ್ಟಿ, ತಾನೂ ಪಕ್ಕಕ್ಕೆ ಸರಿದು, ಗ್ರೀಸಿನ ವಾಲ್ವನ್ನು ಸ್ಪ್ಯಾನರಿನಲ್ಲಿ ಇಷ್ಟೇ ಇಷ್ಟು ಸಡಿಲಿಸುತ್ತಾನೆ. ಒಳಗಿನ ಒತ್ತಡಕ್ಕೆ ಗ್ರೀಸು ಚರ್ಮ ತೂರಿ ಮೈಯೊಳಗೆ ಹೋಗಬಲ್ಲದು. ಇದೊಂದು ವಿಷಯದಲ್ಲಿ ಅವನದು ತಮಾಷೆ ಇಲ್ಲ. ಆಮೇಲೆ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲಿಗೆ ಚೈನ್ ಕೂರಿಸಿ, ಮುಂದೆ ಹಾರೆ ಕೊಟ್ಟು ಮೀಟಿ, ಲಿವರ್ ಹಿಡಿದ ಹುಡುಗನಿಗೆ "ಮೆಲ್ಲ... ಮೆಲ್ಲ... ಸಾಕು, ಸಾಕೋ!" ಮೊಣಕೈವರೆಗೆ ಗ್ರೀಸು, ಬಾಯಲ್ಲಿ ಎಲೆಅಡಿಕೆ.

ಬಲಗಡೆ ಚೈನು ಸೋತಿರುವುದು ಇನ್ನೊಂದು ಕಥೆ. ನೇರ ಬಿಟ್ಟರೆ ಗಾಡಿ ಬಲಕ್ಕೆ ಎಳೆಯುತ್ತದೆ. ಪಂಪ್ ಹೋಯ್ತು ಎಂದು ಊರವರ ತೀರ್ಮಾನ. ಹಿಟಾಚಿಯಣ್ಣ ಕಂಟ್ರೋಲ್ ವಾಲ್ವಿನ ಹತ್ತಿರ ಎಡ ಬಲದ ಹೋಸ್‌ಗಳನ್ನು ಅದಲುಬದಲು ಮಾಡಿದ. ಆಮೇಲೂ ಸೋತದ್ದು ಬಲಗಡೆಯೇ. ಅಲ್ಲಿಗೆ ಪಂಪೂ ಸರಿ, ವಾಲ್ವೂ ಸರಿ; ಹೋಗಿದ್ದರೆ ಕೆಳಗಿನ ಸ್ವಿವೆಲ್ ಜಾಯಿಂಟ್ ಹೋಗಿರಬೇಕು, ಇಲ್ಲವೇ ಚೈನಿನ ಮೋಟಾರು. "ಪಂಪ್ ಗಟ್ಟಿ ಉಂಟು!" ಎಂದು ಅವನು ಸಾರಿದ್ದು ಮಗ ಎಸ್ಸೆಸ್ಸೆಲ್ಸಿ ಪಾಸಾದವನ ಖುಷಿಯಲ್ಲಿ. ಹಾಗಾದರೆ ಮೋಟಾರು ಬಿಚ್ಚಿಸುವುದು ಯಾವಾಗ? "ಎಂತಕ್ಕೆ? ಸ್ವಲ್ಪ ಎಡಕ್ಕೆ ಹಿಡ್ಕೊಂಡ್ರೆ ನೇರವೇ ಹೋಗ್ತದೆ." ನಮ್ಮೂರಿನ ಬಸಿಗಾಲುವೆಗಳು ಯಾಕೆ ಸೊಟ್ಟ ಎಂದು ಕೃಷಿ ಇಲಾಖೆಯವರು ಕೇಳಿದರೆ ಹೇಳಲು ಕಾರಣ ಸಿದ್ಧವಿದೆ.

ಜಗಳ ಹತ್ತುವುದು ಲೆಕ್ಕಕ್ಕೆ ಕೂತಾಗ. ಬಾಡಿಗೆ ಗಂಟೆಗಿಷ್ಟು ಅಂತ. ಇಂಜಿನ್ ಓಡಿದಷ್ಟೂ ಮೀಟರ್ ಓಡುತ್ತದೆ. ಗಾಡಿ ಎತ್ತಿ ಚೈನ್ ಹಾಕುವುದಕ್ಕೂ ಇಂಜಿನ್ ಬೇಕು.

"ಅಲ್ಲ ಮಾರಾಯ, ನಿನ್ನ ಚೈನ್ ಹಾಕಿದ ಮುಕ್ಕಾಲು ಗಂಟೆಗೂ ನಾನೇ ಕೊಡ್ಬೇಕಾ?"

"ಇಂಜಿನ್ ಓಡಿದ್ದು ನಿಮ್ಮ ತೋಟದಲ್ಲೇ ಅಲ್ವಾ ಭಟ್ರೆ?"

ಕಾಫಿ ಬರುತ್ತದೆ. ಅವನು ಲೋಟ ಕೆಳಗಿಟ್ಟು, ದೊಡ್ಡ ಮನಸ್ಸು ಮಾಡಿ ಹೇಳುತ್ತಾನೆ:

"ಆಯ್ತು, ಅರ್ಧ ಗಂಟೆ ಬಿಟ್ಟೆ. ಕಾಲು ಗಂಟೆದ್ದು ಕೊಡಿ, ಗ್ರೀಸಿಗೆ."