ನಲವತ್ತೆಂಟು ಇಂಚಿನ ಅಳಿಯ

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಇರುವುದು ಎದೆಯೆತ್ತರದ ಒಂದು ಕಾಂಪೌಂಡ್ ಗೋಡೆ. ಆ ಕಡೆ ಅವರ ಕರಿಬೇವಿನ ಗಿಡ, ಈ ಕಡೆ ನನ್ನ ಕಾಫಿ ಲೋಟ. ರಾಯರು ಎಚ್‌ಎಎಲ್‌ನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವರು. ನಾನು ಬ್ಯಾಂಕಿನಲ್ಲಿ ಕಂಡವರ ದುಡ್ಡು ಎಣಿಸಿದವನು. ಈಗ ಇಬ್ಬರಿಗೂ ಬೆಳಗ್ಗೆ ಏಳರಿಂದ ಎಂಟರ ತನಕ ಆ ಗೋಡೆಯೇ ಆಫೀಸು.

ಈಚೆಗೆ ಒಂದು ದಿನ ರಾಯರು ಮುಖ ಊದಿಸಿಕೊಂಡು ಬಂದರು. "ಪಿಚ್ ಸರಿಯಿಲ್ಲ ಸ್ವಾಮಿ" ಅಂದರು. ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಸುದ್ದಿ ಅಂದುಕೊಂಡು ನಾನು "ಯಾಕೆ, ಸ್ಪಿನ್ ಆಗ್ತಿಲ್ವಾ?" ಅಂದೆ.

"ಆಗ್ತಿದೆ, ನಿಮಿಷಕ್ಕೆ 2700 ಸಲ. ಆಗಬೇಕಾದ್ದು 2900ರ ಮೇಲೆ."

ಆಗ ಗೊತ್ತಾಯಿತು, ಇದು ಅಳಿಯಂದಿರ ವಿಮಾನದ ವಿಷಯ ಅಂತ. ರಾಯರ ಅಳಿಯ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಅಲ್ಲಿನ ಆಷ್‌ಕಾಷ್ ಎಂಬ ಊರಿನಲ್ಲಿ 1970ರಿಂದಲೂ ಬೇಸಿಗೆಯಲ್ಲಿ ವಿಮಾನದ ಹುಚ್ಚರ ಜಾತ್ರೆ ಸೇರುತ್ತದೆ. ನೆಂಟರಿಷ್ಟರು ಕಾರಿನಲ್ಲಿ ಬಂದ ಹಾಗೆ ಜನ ವಿಮಾನದಲ್ಲಿ ಬಂದು, ರೆಕ್ಕೆಯ ಕೆಳಗೇ ಡೇರೆ ಹಾಕಿ ಮಲಗುತ್ತಾರೆ. ಅಳಿಯಂದಿರು ಒಂದು ಸಲ ಸುಮ್ಮನೆ ನೋಡಿ ಬರೋಣ ಅಂತ ಹೋದವರು ವಿಮಾನ ಕಟ್ಟುವ ಕಿಟ್ ಖರೀದಿಸಿಕೊಂಡು ಬಂದರು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಯೇ ಮಾಡಿರಬೇಕು, ಆಗ ಮಾತ್ರ ಅದು 'ಮನೆಯಲ್ಲಿ ಕಟ್ಟಿದ್ದು' ಅನ್ನುವುದು ಅಲ್ಲಿನ ಸರ್ಕಾರದ ನಿಯಮ. ನಮ್ಮಲ್ಲಿ ಜನ ಸಂಡಿಗೆ ವಿಷಯದಲ್ಲೂ ಅಷ್ಟು ಪ್ರಾಮಾಣಿಕವಾಗಿರುವುದಿಲ್ಲ. ನಾಲ್ಕು ವರ್ಷ ಗ್ಯಾರೇಜಿನಲ್ಲಿ ತಗಡು ಬಡಿದು, ಇಬ್ಬರು ಕೂರುವ ವಿಮಾನ ಎದ್ದು ನಿಂತಿದೆ. ಮೂಗಿನಲ್ಲಿ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳಿಯ 80 ಕುದುರೆಯ ಎಂಜಿನ್. ಉಳಿದದ್ದು ಪ್ರೊಪೆಲರ್ ಒಂದೇ. ಮಾವ-ಅಳಿಯ ಜಗಳ ಹತ್ತಿಕೊಂಡಿದ್ದೇ ಅಲ್ಲಿ.

"ಬಾಗಿಲ ಕೀಲಿಗೆ ಸ್ಕ್ರೂ ಹಾಕ್ತೀರಲ್ಲ, ಒಂದು ಸುತ್ತು ತಿರುಗಿಸಿದರೆ ಎಷ್ಟು ಒಳಕ್ಕೆ ಹೋಗುತ್ತೋ ಅದೇ ಪಿಚ್" ಅಂದರು ರಾಯರು. "ಪ್ರೊಪೆಲರ್ ಮೇಲೆ 54 ಇಂಟು 48 ಅಂತ ಬರೆದಿದ್ದರೆ, ಈ ತುದಿಯಿಂದ ಆ ತುದಿಗೆ 54 ಇಂಚು, ಒಂದು ಸುತ್ತಿಗೆ ಮುಂದಕ್ಕೆ ಹೋಗಬೇಕಾದ್ದು 48 ಇಂಚು."

"ಹೋಗಬೇಕಾದ್ದು ಅಂದ್ರೆ? ಹೋಗಲ್ವಾ?"

"ಮರದಲ್ಲಾದ್ರೆ ಹೋಗುತ್ತೆ. ಗಾಳಿ ಅನ್ನೋದು ಮೊಸರು ಸ್ವಾಮಿ, ಮೊಸರಿಗೆ ಸ್ಕ್ರೂ ಹಾಕಿದ ಹಾಗೆ. ಸ್ವಲ್ಪ ಜಾರುತ್ತೆ."

ನಾನು ಬಡ್ಡಿ ಲೆಕ್ಕದವನು, ಒಂದು ಚೀಟಿಯ ಹಿಂದೆ ಗುಣಿಸಿ ನೋಡಿದೆ. 44 ಇಂಚಿನ ಪಿಚ್, ನಿಮಿಷಕ್ಕೆ 3200 ಸುತ್ತು. ಜಾರದಿದ್ದರೆ ಗಂಟೆಗೆ 133 ಮೈಲಿ, ನಮ್ಮ ಲೆಕ್ಕದಲ್ಲಿ 214 ಕಿಲೋಮೀಟರ್. 48 ಇಂಚಿಗೆ ಅದೇ ಸುತ್ತಿನಲ್ಲಿ 145 ಮೈಲಿ. "ಮತ್ತೆ 48 ಒಳ್ಳೇದಲ್ವಾ?" ಅಂದೆ.

ರಾಯರು ನನ್ನನ್ನು ಅಳಿಯನನ್ನು ನೋಡುವ ಹಾಗೆ ನೋಡಿದರು.

ಇಲ್ಲೊಂದು ಮಾತು ಹೇಳಬೇಕು. ಮನಸ್ಸು ಸರಿಯಿದ್ದಾಗ ರಾಯರ ಬಾಯಲ್ಲಿ 'ಅಳಿಯಂದಿರು ಹೇಳಿದರು' ಅಂತ ಬರುತ್ತದೆ. ಪಿಚ್ ಏರಿದಷ್ಟೂ ಬಹುವಚನ ಇಳಿಯುತ್ತದೆ. ಅಳಿಯಂದಿರು 44 ಅಂದಾಗ 'ಅವರು', 46 ಅಂದಾಗ 'ಈತ', 48 ಅಂದ ದಿನ ಬರೀ 'ಅವನು'.

"ಅವನು 48 ತರಿಸಿಬಿಟ್ಟಿದ್ದಾನೆ ಸ್ವಾಮಿ, ನನ್ನನ್ನೊಂದು ಮಾತು ಕೇಳದೆ!" ಅಂತ ಫೋನಿನಲ್ಲಿ ವಿಡಿಯೋ ತೋರಿಸಿದರು. ವಿಮಾನದ ಬಾಲಕ್ಕೆ ಹಗ್ಗ ಬಿಗಿದು, ಹಸುವನ್ನು ಕಟ್ಟಿದ ಹಾಗೆ ಒಂದು ಮೇಪಲ್ ಮರಕ್ಕೆ ಕಟ್ಟಿದ್ದಾರೆ. ಚಕ್ರಕ್ಕೆ ಅಡ್ಡಗಟ್ಟೆ. ಎಂಜಿನ್ ಪೂರ್ತಿ ಕೊಟ್ಟಾಗ ಹುಲ್ಲೆಲ್ಲ ಹಿಂದಕ್ಕೆ ಮಲಗಿಕೊಂಡಿತು; ಟ್ಯಾಕೋಮೀಟರಿನ ಮುಳ್ಳು 2700ಕ್ಕೆ ಬಂದು ಉಸ್ಸಪ್ಪಾ ಅಂತ ಕೂತುಬಿಟ್ಟಿತು.

"ನೋಡಿದ್ರಾ? ಆ ಎಂಜಿನ್ 80 ಕುದುರೆ ಕೊಡೋದು 3400 ಸುತ್ತಿನಲ್ಲಿ. 2700ರಲ್ಲಿ ಅರವತ್ತೈದು ಕೊಟ್ಟರೆ ಪುಣ್ಯ. ಹದಿನೈದು ಕುದುರೆ ಲಾಯದಲ್ಲೇ ಉಳಿದವು. ನೆಲ ಬಿಡೋಕೆ ಪೂರ್ತಿ ಶಕ್ತಿ ಬೇಕಾದ ಹೊತ್ತಲ್ಲೇ ಕೊರತೆ. ಒಂದೇ ಗೇರಿನ ಕಾರು ಇದು. ಚಾರ್ಮಾಡಿ ಘಾಟಿಯನ್ನ ನಾಲ್ಕನೇ ಗೇರಲ್ಲಿ ಹತ್ತಿಸ್ತೀನಿ ಅಂತಾನೆ!"

"ಹಾಗಾದ್ರೆ 40 ಹಾಕಿಬಿಡಿ, ಸರ್ರನೆ ಹತ್ತಲಿ."

"ಹತ್ತುತ್ತೆ. ಹತ್ತಿದ ಮೇಲೆ? ಸಮತಟ್ಟಾಗಿ ಓಡೋವಾಗ ಎಂಜಿನ್ 3400 ದಾಟಿ ಕಿರುಚೋಕೆ ಶುರು ಮಾಡುತ್ತೆ, ಥ್ರಾಟಲ್ ಹಿಂದಕ್ಕೆ ಎಳೀಬೇಕು. ಘಾಟಿ ಇಳಿದ ಮೇಲೂ ಎರಡನೇ ಗೇರಲ್ಲೇ ಮಂಗಳೂರಿಗೆ ಹೋದ ಹಾಗೆ." ಪೂರ್ತಿ ಥ್ರಾಟಲ್ ಕೊಟ್ಟು ಸಮನಾಗಿ ಹಾರುವಾಗ ಮುಳ್ಳು ಎಂಜಿನ್ನಿನ ಗರಿಷ್ಠ ಸುತ್ತನ್ನು ಸರಿಯಾಗಿ ಮುಟ್ಟಬೇಕು, ದಾಟಬಾರದು, ಅದು ಸರಿಯಾದ ಪಿಚ್ ಅನ್ನುವುದು ರಾಯರ ಲೆಕ್ಕ.

ಮತ್ತೆ ನನಗೊಂದು ಹುಳ ಹೊಕ್ಕಿತು. ಪ್ರೊಪೆಲರ್ ಯಾಕೆ ಹಾಗೆ ತಿರುಚಿಕೊಂಡಿರುತ್ತದೆ? ರಾಯರು ಬಿದ್ದಿದ್ದ ತೆಂಗಿನ ಗರಿಯಿಂದ ಒಂದು ಎಲೆ ಕಿತ್ತು ತಿರುಚಿ ಹಿಡಿದರು. "ಸುರುಳಿ ಮೆಟ್ಟಿಲು ನೋಡಿದ್ದೀರಲ್ಲ? ಒಳಗಡೆ ಕಂಬದ ಪಕ್ಕ ಹತ್ತಿದರೆ ಕಡಿದು, ಹೊರಗಡೆ ಗೋಡೆ ಪಕ್ಕ ಹತ್ತಿದರೆ ಸಲೀಸು. ಒಂದು ಸುತ್ತಿಗೆ ಏರೋ ಎತ್ತರ ಮಾತ್ರ ಒಂದೇ." 44 ಇಂಚು ಪಿಚ್ಚಿನ ಪ್ರೊಪೆಲರಿನಲ್ಲಿ ನಡುವಿನಿಂದ 6 ಇಂಚು ದೂರದಲ್ಲಿ ಅಲಗು 49 ಡಿಗ್ರಿ ಎದ್ದು ನಿಂತಿರುತ್ತದಂತೆ, ತುದಿಯಲ್ಲಿ 15 ಡಿಗ್ರಿಯೂ ಇಲ್ಲ, ಬಹುಪಾಲು ಮಲಗಿಬಿಟ್ಟಿರುತ್ತದೆ. ವಿಮಾನ ನಿಂತಲ್ಲೇ ನಿಂತಿರುವಾಗ ಎದ್ದು ನಿಂತ ಆ ಬುಡದ ಭಾಗ ಗಾಳಿಯನ್ನು ತಳ್ಳುವ ಬದಲು ಸುಮ್ಮನೆ ಕಡೆಯುತ್ತದೆ. ಪಿಚ್ ಜಾಸ್ತಿಯಾದಷ್ಟೂ ಕಡೆಯುವುದು ಜಾಸ್ತಿ. ಮರಕ್ಕೆ ಕಟ್ಟಿದ ವಿಮಾನ ಮೊಸರು ಕಡೆಯುತ್ತಿದ್ದದ್ದು ಹೀಗೆ.

ಇಷ್ಟೆಲ್ಲ ಗೊತ್ತಿದ್ದೂ ಲೆಕ್ಕ ಹಾಕಿ ಒಂದೇ ಏಟಿಗೆ ಯಾಕೆ ಆರಿಸಬಾರದು ಅಂದೆ. ಅದಕ್ಕೆ ರಾಯರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಒಬ್ಬ ಕೆತ್ತುವವನ 44 ಇನ್ನೊಬ್ಬನ 44 ಅಲ್ಲವಂತೆ. ಒಬ್ಬರು ಅಲಗಿನ ಹಿಂಬದಿಯ ಚಪ್ಪಟೆ ಮೈಗೆ ಕೋನ ಹಿಡಿದು ಅಳೆಯುತ್ತಾರೆ, ಇನ್ನೊಬ್ಬರು ಅಲಗಿನ ಉಬ್ಬನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ನಮ್ಮ ಅಜ್ಜಿಯ ಕಾಲದಲ್ಲಿ ಪಕ್ಕಾ ಸೇರು, ಕಚ್ಚಾ ಸೇರು ಅಂತ ಇತ್ತಲ್ಲ, ಊರಿನಿಂದ ಊರಿಗೆ ಸೇರೇ ಬೇರೆ, ಹಾಗೆ. ಕೊನೆಗೆ ಕಟ್ಟಿ ಓಡಿಸಿಯೇ ನೋಡಬೇಕು.

"ಅದಕ್ಕೇ ಅಳತೆ ಕೇಳೋ ಮೊದಲು ಕೆತ್ತೋರು ಏನು ಕೇಳ್ತಾರೆ ಗೊತ್ತಾ? ನಿಮ್ಮ ರನ್‌ವೇ ಎಷ್ಟುದ್ದ, ಊರು ಎಷ್ಟು ಎತ್ತರ, ಎಷ್ಟು ಭಾರ ಹೊರ್ತೀರಿ ಅಂತ. ಅಲ್ಲೇ ಎಲ್ಲರೂ ಸುಳ್ಳು ಹೇಳೋದು." ಅಳಿಯ ತಮ್ಮ ತೂಕ 80 ಕಿಲೋ ಅಂತ ಬರೆದಿದ್ದರಂತೆ. ಮದುವೆಯಲ್ಲೇ ಅಷ್ಟಿತ್ತು ಅಂದರು ರಾಯರು. ರನ್‌ವೇ 2000 ಅಡಿಯ ಹುಲ್ಲುಗಾವಲು, ಅದರ ಕೊನೆಗೆ ಮುಸುಕಿನ ಜೋಳದ ಹೊಲ, ಅದರಾಚೆ ಮರದ ಸಾಲು. ಅರ್ಜಿಯಲ್ಲಿ ಮರದ ಸಾಲಿನ ಪ್ರಸ್ತಾಪವೇ ಇಲ್ಲ. ಬ್ಯಾಂಕಿನಲ್ಲಿದ್ದಾಗ ಸಾಲದ ಅರ್ಜಿಗಳಲ್ಲಿ ನಾನೂ ಇಂಥ ಕಣ್ಮರೆಯಾದ ಮರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಊರಿನ ಎತ್ತರದ ಮಾತು ಬಂದಾಗ ರಾಯರು ತಮ್ಮ ಕಾಲಕ್ಕೆ ಹೊರಟುಬಿಟ್ಟರು. 1958ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಪುಷ್ಪಕ್, 90 ಕುದುರೆಯ ಎಂಜಿನ್, ಇಬ್ಬರು ಕೂರುವಂಥದ್ದು. ಬೆಂಗಳೂರು ಸಮುದ್ರಮಟ್ಟದಿಂದ 3000 ಅಡಿ ಮೇಲಿದೆ, ಗಾಳಿ ಮೊದಲೇ ತೆಳು. ಏಪ್ರಿಲ್ ಮಧ್ಯಾಹ್ನದ ಬಿಸಿಲು ಅದನ್ನು ಇನ್ನಷ್ಟು ತೆಳು ಮಾಡುತ್ತದೆ. ಎಂಜಿನ್ನೂ ಬಡವಾಗುತ್ತದೆ, ರೆಕ್ಕೆಯೂ. ಜಕ್ಕೂರಿನ ವಿಮಾನ ಮೈದಾನದಲ್ಲಿ ಇಬ್ಬರು ದಪ್ಪನೆಯವರನ್ನು ಹೊತ್ತ ಪುಷ್ಪಕ್ ನೆಲ ಬಿಡುವುದನ್ನು ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರಂತೆ. ಅದು ಹತ್ತು ನಿಮಿಷದ ಕಥೆ, ಕಾಫಿ ಆರಿತು.

"ಹಾರುತ್ತಾ ಇರೋವಾಗಲೇ ಪಿಚ್ ಬದಲಾಯಿಸೋ ಪ್ರೊಪೆಲರ್ ಇರುತ್ತಂತಲ್ಲ?" ಅಂತ ಮತ್ತೆ ದಾರಿಗೆ ತಂದೆ.

"ಇದೆ. ಬೆಲೆ ಕೇಳಿದರೆ ವಿಮಾನ ಮಾರಬೇಕಾಗುತ್ತೆ. ಭಾರ ಬೇರೆ. ಬೀಟಲ್‌ನ ಕ್ರ್ಯಾಂಕ್ ಹುಟ್ಟಿದ್ದು ಚಕ್ರ ತಿರುಗಿಸೋಕೆ, ಅದರ ಮೂಗಿಗೆ ಭಾರದ ಲೋಹ ನೇತುಹಾಕಿದರೆ ನಡುಗಿ ನಡುಗಿ ಬಿರುಕು ಬಿಡುತ್ತೆ. ಅದಕ್ಕೆ ಮರವೇ ಸರಿ." ಮರಕ್ಕೂ ಒಂದು ಸೇವೆ ಉಂಟು. ಮಳೆಗಾಲದಲ್ಲಿ ನಮ್ಮ ಬಚ್ಚಲ ಬಾಗಿಲು ಉಬ್ಬಿಕೊಳ್ಳುವ ಹಾಗೆ ಪ್ರೊಪೆಲರೂ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟ್ ಸಡಿಲ. ಋತುವಿಗೊಮ್ಮೆಯಾದರೂ ಟಾರ್ಕ್ ಸ್ಪ್ಯಾನರ್ ಹಿಡಿದು ಬಿಗಿ ನೋಡಲೇಬೇಕು.

ಮಾವ-ಅಳಿಯ ಜಗಳ ಹದಿನೈದು ದಿನ ನಡೆಯಿತು. ನಾನು ಸಮಾಧಾನಕ್ಕೆ ರೈಟ್ ಸಹೋದರರ ಕಥೆ ತೆಗೆದೆ, ಎಲ್ಲೋ ಓದಿದ್ದು. ಹಡಗಿನ ಪ್ರೊಪೆಲರಿನ ಲೆಕ್ಕ ಎತ್ತಿಕೊಂಡು ಬಂದರಾಯಿತು ಅಂತ ಹೊರಟವರಿಗೆ ಅಂಥ ಲೆಕ್ಕವೇ ಸಿಗಲಿಲ್ಲ. ಪ್ರೊಪೆಲರ್ ಅಂದರೆ ಸುರುಳಿಯಾಗಿ ಹಾರುವ ರೆಕ್ಕೆ ಅಂತ ತಾವೇ ಕಂಡುಕೊಂಡು, ಎಂಟೂವರೆ ಅಡಿಯದನ್ನು ಮರದಲ್ಲಿ ಕೆತ್ತಿ, ಸೈಕಲ್ಲಿನಂತೆ ಚೈನು ಹಾಕಿ 1903ರಲ್ಲಿ ಹಾರಿಸಿದರು. ಆದರೆ ಅದಕ್ಕೆ ಮೊದಲು ಅಣ್ಣತಮ್ಮಂದಿರು ಎಷ್ಟು ವಾದಿಸುತ್ತಿದ್ದರೆಂದರೆ, ಕೊನೆಗೆ ಅಣ್ಣ ತಮ್ಮನ ಪಕ್ಷ, ತಮ್ಮ ಅಣ್ಣನ ಪಕ್ಷ ಹಿಡಿದು, ಜಗಳ ಮಾತ್ರ ಇದ್ದಲ್ಲೇ ಇರುತ್ತಿತ್ತು.

"ನಾನು 48 ಅನ್ನಲ್ಲ" ಅಂದರು ರಾಯರು.

ಅನ್ನಬೇಕಾಗಿ ಬರಲಿಲ್ಲ. ಹೋದ ವಾರ 44ರದ್ದು ಬಂತು. ಮತ್ತೆ ಅದೇ ಮೇಪಲ್ ಮರ, ಅದೇ ಹಗ್ಗ, ಮುಳ್ಳು 2920. "ಅಳಿಯಂದಿರು ಬಹಳ ಖುಷಿಯಾಗಿದ್ದಾರೆ" ಅಂದರು ರಾಯರು. ಬಹುವಚನ ಕೇಳಿ ನನಗೂ ನೆಮ್ಮದಿಯಾಯಿತು. ಹಳೇ 48ನ್ನು ಹಜಾರದ ಗೋಡೆಗೆ ಹಾಕುತ್ತಾರಂತೆ, ಮಗಳಿಗೆ ಅದರ ಧೂಳು ಒರೆಸುವ ಕೆಲಸ ಜಾಸ್ತಿಯಾಯಿತು.

"ಮತ್ತೆ ಮಗಳು ಯಾವಾಗ ಕೂರ್ತಾಳೆ?"

ರಾಯರ ಕೈ ಕರಿಬೇವಿನ ಗಿಡದಲ್ಲೇ ನಿಂತಿತು. "ಪರೀಕ್ಷೆ ಹಾರಾಟ 40 ಗಂಟೆ ಆಗಬೇಕು. ಅಲ್ಲೀ ತನಕ ಪ್ರಯಾಣಿಕರನ್ನ ಹತ್ತಿಸೋ ಹಾಗಿಲ್ಲ. ಅವರೊಬ್ಬರೇ 44 ಇಟ್ಕೊಂಡು ಹಾರ್ಕೊಳ್ಳಲಿ." ಅಡುಗೆಮನೆ ಕಡೆ ಒಮ್ಮೆ ತಿರುಗಿ ನೋಡಿ, ಗೋಡೆಗೆ ಬಗ್ಗಿ ದನಿ ತಗ್ಗಿಸಿದರು. "ಅವಳು ಕೂರೋ ಹೊತ್ತಿಗೆ 42 ಮಾಡಿಸ್ತೀನಿ. ಈಗಲೇ ಯಾರ ಹತ್ತಿರಾನೂ ಬಾಯಿ ಬಿಡಬೇಡಿ."