ದೊಡ್ಡಮ್ಮನವರ ಕಾಗದದ ಬುಟ್ಟಿ

ನಾನು ಕಂಡ ವಿಮರ್ಶಕರಲ್ಲೆಲ್ಲ ಅತ್ಯಂತ ನಿಷ್ಪಕ್ಷಪಾತಿಗಳು ನಮ್ಮ ದೊಡ್ಡಮ್ಮನವರು. ಏಕೆಂದರೆ ಕರ್ತೃವಾರು, ವಸ್ತುವೇನು, ಶೈಲಿಯೆಂತಹುದು ಎಂಬ ಕ್ಷುದ್ರ ವಿಚಾರಗಳಿಗೆ ಎಂದೂ ಮನಗೊಡದೆ, ಹಾಳೆಯ ಮೂಲೆಯೊಂದನ್ನು ಹರಿದು, ಒದ್ದೆ ಬೆರಳಿನಿಂದ ಹೊಸಕಿ, ಅದೆಷ್ಟು ಬೇಗ ಮೆತ್ತಗಾಗುವುದೋ ಅಷ್ಟರಮಟ್ಟಿಗೆ ಅದು ಯೋಗ್ಯವೆಂದು ಅವರು ನಿರ್ಣಯಿಸುವರು. ಯುದ್ಧಕಾಲದ ಕಾಗದದ ಅಭಾವವನ್ನು ಕಂಡುಂಡವರಾದ್ದರಿಂದ, ಮನೆಯೊಳಕ್ಕೆ ಒಮ್ಮೆ ಬಂದ ಕಾಗದವು, ಅದು ಸಕ್ಕರೆಯ ಪೊಟ್ಟಣವಾಗಿಯೇ ಬಂದಿರಲಿ, ಪುನಃ ಹೊಸ್ತಿಲು ದಾಟುವುದು ಅವರಿಗೆ ಸಮ್ಮತವಲ್ಲ.

ಚೂರುಚೂರಾಗಿ ಹರಿದ ಕಾಗದವು ಹಿತ್ತಲಿನ ಹಂಡೆಯಲ್ಲಿ ಮೂರು ನಾಲ್ಕು ದಿನ ನೆನೆಯುವುದು. ನಿತ್ಯವೂ ನೀರು ಬಸಿದು ಹೊಸ ನೀರು ಹೊಯ್ಯುವುದರಿಂದ ಮಸಿಯೂ ನಾತವೂ ತಕ್ಕಮಟ್ಟಿಗೆ ಕಳೆಯುವುವು. ಬಳಿಕ, ರಾತ್ರಿಯೇ ನೆನೆಹಾಕಿದ ಮೆಂತ್ಯದೊಡನೆ ಅದು ಒರಳಿಗೆ ಬೀಳುವುದು. ಗುಂಡು ತಿರುಗಿದಂತೆಲ್ಲ ಸಂಪಾದಕೀಯ, ಅಡಕೆಯ ಧಾರಣೆ, ಮಂತ್ರಿಗಳ ಭಾಷಣ, ಇವೆಲ್ಲ ನಾಮರೂಪಗಳನ್ನು ಕಳೆದುಕೊಂಡು ಬೂದುಬಣ್ಣದ ಒಂದೇ ಮುದ್ದೆಯಾಗುವುದನ್ನು ಕಣ್ಣಾರೆ ನೋಡಿದವನಿಗೆ ಅದ್ವೈತವನ್ನು ಬೇರೆ ಬೋಧಿಸಬೇಕಾಗಿಲ್ಲ. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಗೆ ಹುಳು ಸುಳಿಯದೆಂಬುದು ಅವರ ನಂಬಿಕೆ. ಕವುಚಿದ ಬೋಗುಣಿಗೆ ಒದ್ದೆ ಬಟ್ಟೆ ಹೊದಿಸಿ, ಮುದ್ದೆಯನ್ನು ಅದರ ಮೇಲೆ ಅಂಗೈಯಿಂದ ಸಮನಾಗಿ ತಟ್ಟಿ, ಬಿರುಕು ಬಿಡದಂತೆ ಮೊದಲು ನೆರಳಿನಲ್ಲಿಯೂ ಆಮೇಲೆ ಬಿಸಿಲಿನಲ್ಲಿಯೂ ಒಣಗಿಸಿ, ಮೆಲ್ಲನೆ ಕಳಚಿ, ಕೆಮ್ಮಣ್ಣು ಬಳಿದರೆ ಸಂಡಿಗೆಗೊಂದು, ಒಣಮೆಣಸಿನಕಾಯಿಗೊಂದು, ಹೂಬತ್ತಿಗೊಂದು ಬುಟ್ಟಿ ಸಿದ್ಧ. ನೀರು ಮಾತ್ರ ಸೋಕಬಾರದು.

ಕಾಗದಕಾಗದಕ್ಕೂ ಅವರಲ್ಲಿ ತಾರತಮ್ಯವುಂಟು. ದಿನಪತ್ರಿಕೆ ಉತ್ತಮ. ಸರ್ಕಾರಿ ಕಾಗದವು ನೆನೆಯುವುದಕ್ಕೂ ಸಾವಕಾಶ ಮಾಡುವುದರಿಂದ ಮಧ್ಯಮ. ಅರಿಸಿನ ಹಚ್ಚಿದ ಲಗ್ನಪತ್ರಿಕೆಯನ್ನು ಅರೆಯುವುದು ಅಮಂಗಳವಾದ್ದರಿಂದ ಅದನ್ನು ಇಡಿಯಾಗಿಯೇ ಬುಟ್ಟಿಯ ತಳಕ್ಕೆ ಅಂಟಿಸಿಬಿಡುವರು. ನಮ್ಮ ಬಂಧುವರ್ಗದ ಎಷ್ಟೋ ದಂಪತಿಗಳು ಹೀಗೆ ಸಂಡಿಗೆಯ ಕೆಳಗೆ ಅನ್ಯೋನ್ಯವಾಗಿದ್ದಾರೆ.

ನನ್ನ ಹಸ್ತಪ್ರತಿಗಳ ಉಪಯೋಗ ಬೇರೆ. ಬುಟ್ಟಿ ತಟ್ಟಿ ಮಿಕ್ಕ ಹಿಟ್ಟಿನಿಂದ ಬಿದಿರಿನ ಮೊರದ ಸಂದುಗಳನ್ನು ಮುಚ್ಚುವುದುಂಟಷ್ಟೆ. ಅದಕ್ಕೆ ನುಣ್ಣಗೆ ಅರೆದ ನನ್ನ ಪ್ರಬಂಧಗಳೇ ಆಗಬೇಕು. ಹಿಂದೆ ಭದ್ರಾವತಿಯಲ್ಲಿ ನಡೆಯುತ್ತಿದ್ದ ಕಾಗದದ ಕಾರ್ಖಾನೆಗೆ ಮಲೆನಾಡಿನ ಬಿದಿರು ಹೋಗಿ, ಅಲ್ಲಿ ಬೆಂದು, ಅರೆದು, ಬಿಳಿಯ ಹಾಳೆಯಾಗಿ, ನನ್ನ ಕೈಯಲ್ಲಿ ಸಿಕ್ಕು ಕೆಲಕಾಲ ವೃಥಾ ಕಷ್ಟಪಟ್ಟು, ಕಟ್ಟಕಡೆಗೆ ಬಿದಿರಿನ ಮೊರಕ್ಕೇ ಮರಳುತ್ತಿತ್ತೆಂದರೆ, ನಡುವೆ ನನ್ನ ಪಾತ್ರ ಅಷ್ಟೇನೂ ಅನಿವಾರ್ಯವಾಗಿರಲಿಲ್ಲವೆಂದು ತೋರುತ್ತದೆ.

ಕಾಶ್ಮೀರಕ್ಕೆ ಹೋಗಿದ್ದ ಮಿತ್ರರೊಬ್ಬರು ಅಲ್ಲಿಯ ಪ್ರಸಿದ್ಧವಾದ ಕಾಗದದ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಅಲ್ಲಿ ಅಚ್ಚು ಕಟ್ಟುವವರು ಒಬ್ಬರು, ಚಿನಾರ್ ಎಲೆ, ಹೂಬಳ್ಳಿಗಳನ್ನು ಬರೆಯುವ ನಕ್ಕಾಶರು ಇನ್ನೊಬ್ಬರು ಎಂದು ನಾನು ವಿವರಿಸುತ್ತಿರಲು, ದೊಡ್ಡಮ್ಮನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಚೆನ್ನಾಗಿದೆ ಕಣಪ್ಪಾ, ಆದರೆ ಇದರಲ್ಲಿ ಪಾವು ಬೇಳೆಯೂ ಹಿಡಿಯೋಲ್ಲವಲ್ಲ!” ಎಂದರು.

ಮೊನ್ನೆ ಪತ್ರಿಕೆಯೊಂದರ ದೀಪಾವಳಿ ವಿಶೇಷಾಂಕಕ್ಕೆ ಲೇಖನ ಕೇಳಿ ಪತ್ರ ಬಂದಾಗ, ಮಾದರಿಗೆಂದು ಹೋದ ವರ್ಷದ ಸಂಚಿಕೆಯೂ ಜತೆಯಲ್ಲಿತ್ತು. ದೊಡ್ಡಮ್ಮನವರು ಅದರ ಮಿರುಗುವ ಹಾಳೆಯೊಂದನ್ನು ಬೆರಳಿನಿಂದ ಹೊಸಕಿದರು. ಅಂಥ ನುಣುಪಿಗೆ ಜೇಡಿಯನ್ನು ಲೇಪಿಸಿರುತ್ತಾರೆ. ನೆನೆದರೂ ನಾರು ಬಿಡದೆ ಲೋಳೆಗಟ್ಟುವುದೇ ಹೆಚ್ಚು. “ಇವರಿಗೆ ಬರೆಯಬೇಡವೋ, ಒಂದಕ್ಕೂ ಬರೋಲ್ಲ, ಆ ಒರಟು ಕಾಗದದವರಿಗೇ ಬರಿ” ಎಂದರು. ಸಂಪಾದಕರು ಉತ್ತರಕ್ಕಾಗಿ ಎರಡನೆಯ ಪತ್ರ ಬರೆದಿದ್ದಾರೆ. ಅದು ಹಂಡೆಯಲ್ಲಿ ನೆನೆಯುತ್ತಿದೆ.