ಅಜ್ಜನ ಮುಖವೂ ಅಶೋಕನ ಶಾಸನವೂ

ಮೊಳಕಾಲ್ಮೂರು ಸೀಮೆಯ ನಮ್ಮ ಸಿದ್ದಾಪುರದಲ್ಲಿ ಬಂಡೆಗಳಿಗೆ ಬರವಿಲ್ಲ, 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಅಶೋಕ ಚಕ್ರವರ್ತಿಯ ಶಾಸನವನ್ನು ಶೋಧಿಸಿದ್ದೂ ಇಂಥದೊಂದು ಬಂಡೆಯ ಮೇಲೆಯೇ. ಬೀದಿ ಛಾಯಾಗ್ರಹಣವನ್ನು ಕಲಿಯಹೊರಟ ನನ್ನ ಸೋದರಳಿಯನು, ಚಳ್ಳಕೆರೆಯ ಕಂಬಳಿ ಸಂತೆಯಲ್ಲಿ ಅಜ್ಜನೊಬ್ಬನ ಚಿತ್ರವನ್ನು ತೆಗೆದು, ಅದರ ಬಣ್ಣವನ್ನೆಲ್ಲ ಹಿಂಡಿ, ಕಾಂಟ್ರಾಸ್ಟನ್ನು ತುತ್ತತುದಿಗೇರಿಸಿ, ಒಂದೊಂದು ಸುಕ್ಕನ್ನೂ ಉಳಿಯಿಂದ ಕೊರೆದಂತೆ ಮಾಡಲಾಗಿ, ರೈಸ್ ಸಾಹೇಬರು ಮರಳಿ ಬಂದು ಓದತಕ್ಕ ಇನ್ನೊಂದು ಶಾಸನವು ಆ ಮುಖದಲ್ಲಿ ಮೂಡಿತು. ನಡುಮಧ್ಯಾಹ್ನದ ಆಕಾಶಕ್ಕೆ ಪ್ರಳಯಕಾಲದ ಕಪ್ಪು. ಬಿಳಿಯ ಕುರಿಗಳಿಗೆ ದಿವ್ಯಪ್ರಭೆ.

ಮೊಬೈಲನ್ನು ಕೈಯುದ್ದ ದೂರ ಹಿಡಿದು ದಿಟ್ಟಿಸಿದ ಅಜ್ಜನು, "ಅಲ್ಲೋ ತಮ್ಮಾ, ಇದು ನಮ್ಮಪ್ಪನ ಫೋಟೋ ಅಲ್ವೇನೋ? ನಿನಗೆಲ್ಲಿ ಸಿಕ್ತು?" ಎಂದು ಗದ್ಗದಿತನಾದನು.

ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ಸೋದರಳಿಯನ ಮುಂದೆ ಹರಡಿದೆ. ಕಪ್ಪು ಬಿಳುಪುಗಳ ನಡುವೆ ಬೂದುಬಣ್ಣದ ನೂರಾರು ಛಾಯೆಗಳುಂಟು, ಕೆನ್ನೆಯ ಮಾರ್ದವವೂ ಕಂಬಳಿಯ ಉಣ್ಣೆಯ ನವಿರೂ ಅಲ್ಲಿಯೇ ನೆಲೆಸಿರುವುವು, ಆದಕಾರಣ ಎಳೆಬಿಸಿಲಿನಲ್ಲಿ ಹೋಗಿ, ಸಂತೆಯವರು ನಿನ್ನನ್ನು ಮರೆಯುವತನಕ ಸುಮ್ಮನೆ ನಿಲ್ಲು ಎಂದೆ. ತಲೆಯಾಡಿಸಿದನು, ಹುಡುಗ ವಿನಯಶೀಲನೇ.

ಈಗವನು ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನು ಕಪ್ಪು-ಬಿಳುಪಾಗಿಸುವ ಹವಣಿಕೆಯಲ್ಲಿದ್ದಾನೆ. ನೇಕಾರರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.